ಉರ್ಬಿನೋದ ವೀನಸ್: ಒಂದು ಹಳೆಯ ಚಿತ್ರದ ಬಣ್ಣ ಮತ್ತು ಸಂಕೇತಗಳನ್ನು ಓದುವುದು ಹೇಗೆ?

ಯುರೋಪಿನ ಹಳೆಯ ಚಿತ್ರಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. ಹಾಸಿಗೆಯ ಮೇಲೆ ಬೆತ್ತಲೆಯಾಗಿ ಒರಗಿದ ಹೆಣ್ಣು, ಕಾಲ ಬಳಿ ನಾಯಿ, ಕೈಯಲ್ಲಿ ಹೂವು. "ಇದಕ್ಕೆಲ್ಲ ಅರ್ಥ ಇದೆ ಅಂತಾರೆ. ಆ ಅರ್ಥ ನಮಗೆ ಸಿಗೋದು ಹೇಗೆ?" ಇದರ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಮನೆಯಲ್ಲಿ ಕೂತು ಇಂಥ ಚಿತ್ರ ನೋಡೋಕೆ ಮುಜುಗರ ಆಗುತ್ತೆ, ಏನು ಮಾಡಲಿ?"

ಎರಡಕ್ಕೂ ಒಂದೇ ಚಿತ್ರ ಹಿಡಿದು ಉತ್ತರ ಕೊಡುತ್ತೇನೆ. ಚಿತ್ರದ ಹೆಸರು 'ಉರ್ಬಿನೋದ ವೀನಸ್'. ಬರೆದವನು ವೆನಿಸ್ ನಗರದ ಟಿಷಿಯನ್. ವರ್ಷ 1538. ಈಗ ಇರುವುದು ಇಟಲಿಯ ಫ್ಲಾರೆನ್ಸ್‌ನಲ್ಲಿ, ಉಫಿತ್ಸಿ ಎಂಬ ಕಲಾ ಸಂಗ್ರಹಾಲಯದಲ್ಲಿ. ಕಾಲ ರಿನೈಸಾನ್ಸ್, ಅಂದರೆ ಇಟಲಿಯವರು ಹಳೆಯ ಗ್ರೀಕ್, ರೋಮನ್ ಕಲೆಯನ್ನು ಮತ್ತೆ ಹುಡುಕಿ ತೆಗೆದು ತಮ್ಮದನ್ನಾಗಿ ಮಾಡಿಕೊಂಡ ಕಾಲ. ವೀನಸ್ ಎಂದರೆ ರೋಮನ್ನರ ಪ್ರೇಮದೇವತೆ. ಉರ್ಬಿನೋ ಇಟಲಿಯ ಒಂದು ಸಂಸ್ಥಾನ, ಚಿತ್ರವನ್ನು ಕೊಂಡವನ ಊರು.

ಮುಜುಗರದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಶೃಂಗಾರದ ಚಿತ್ರ. ಕೊಂಡವನಿಗೆ ಗೊತ್ತಿತ್ತು, ಬರೆದವನಿಗೂ ಗೊತ್ತಿತ್ತು. "ಇಲ್ಲ ಇಲ್ಲ, ಇದೆಲ್ಲ ಬರೀ ಸಂಕೇತ" ಎಂದು ಹೇಳಿ ಅದನ್ನು ಮುಚ್ಚುವ ಕೆಲಸ ಮಾಡಬೇಡಿ. ಸಂಕೇತ ಇರುವುದು ಮೈಗೆ ಹೊದಿಸುವುದಕ್ಕಲ್ಲ. ಆ ಮೈ ಅಲ್ಲಿ ಯಾಕೆ, ಯಾರಿಗಾಗಿ, ಯಾವ ಮನೆಯಲ್ಲಿ ಮಲಗಿದೆ ಎಂದು ಕೇಳುವುದಕ್ಕೆ.

ಬೇಕಾಗುವ ಸಾಮಾನು

ಚಿತ್ರದ ಒಂದು ದೊಡ್ಡ, ಸ್ಪಷ್ಟ ಪ್ರತಿ ಬೇಕು. ಉಫಿತ್ಸಿಯ ವೆಬ್‌ಸೈಟಿನಲ್ಲಿ ಇದೆ, ವಿಕಿಮೀಡಿಯಾ ಕಾಮನ್ಸ್‌ನಲ್ಲೂ ಸಿಗುತ್ತದೆ. ಒಂದಲ್ಲ, ಬೇರೆ ಬೇರೆ ಕಡೆಯಿಂದ ಎರಡು ಪ್ರತಿ ಇಳಿಸಿಕೊಳ್ಳಿ. ಕಾರಣ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಸಾಧ್ಯವಾದರೆ ಮೊಬೈಲ್ ಬಿಟ್ಟು ಲ್ಯಾಪ್‌ಟಾಪ್‌ನಲ್ಲಿ ನೋಡಿ. ಜೊತೆಗೆ ಒಂದು ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು, ಗೋಡೆಗೆ ಅಂಟಿಸುವ ಕಾಗದದ ಟೇಪು. ಒಂದು ಬಿಳಿ ಕಾಗದದಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿಟ್ಟುಕೊಳ್ಳಿ.

ಸಮಯ ಒಂದೂವರೆ ಗಂಟೆ. ಎರಡು ದಿನಕ್ಕೆ ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಹಂತ 1: ಗೋಡೆಯ ಮೇಲೆ ಅಳತೆ ಹಾಕಿ

ಚಿತ್ರದ ಎತ್ತರ 119 ಸೆಂಟಿಮೀಟರ್, ಅಗಲ 165 ಸೆಂಟಿಮೀಟರ್. ಹೆಚ್ಚುಕಡಿಮೆ ನಾಲ್ಕು ಅಡಿ, ಐದೂವರೆ ಅಡಿ. ನಿಮ್ಮ ಗೋಡೆಯ ಮೇಲೆ ಅಷ್ಟು ದೊಡ್ಡ ಚೌಕಟ್ಟನ್ನು ಟೇಪಿನಿಂದ ಗುರುತು ಮಾಡಿ, ಆರು ಅಡಿ ಹಿಂದೆ ನಿಂತು ನೋಡಿ.

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಮೊಬೈಲಿನಲ್ಲಿ ಅಂಗೈಯಷ್ಟಿರುವ ಹೆಣ್ಣು ಇಲ್ಲಿ ನಿಮ್ಮಷ್ಟೇ ದೊಡ್ಡವಳಾಗುತ್ತಾಳೆ. ಅವಳ ಕಣ್ಣು ನಿಮ್ಮ ಕಣ್ಣಿಗೆ ಎದುರಾಗುತ್ತದೆ. ನಾಯಿ ನಿಜವಾದ ಪುಟ್ಟ ನಾಯಿಯಷ್ಟಾಗುತ್ತದೆ. ಒಂದು ಕೋಣೆಯ ಬಾಗಿಲಲ್ಲಿ ನಿಂತ ಹಾಗೆ ಅನಿಸುತ್ತದೆ. ಚಿತ್ರದ ಅರ್ಥದಲ್ಲಿ ಈ ಅಳತೆಗೂ ಪಾಲಿದೆ.

ಹಂತ 2: ಹತ್ತು ನಿಮಿಷ ಬರೀ ಪಟ್ಟಿ ಮಾಡಿ

ಕಾಣುವುದನ್ನೆಲ್ಲ ಬರೆಯಿರಿ. ಅರ್ಥ ಹೇಳಬೇಡಿ. 'ನಿಷ್ಠೆಯ ನಾಯಿ' ಎಂದು ಬರೆಯಬೇಡಿ, 'ನಾಯಿ, ಕಂದು ಬಿಳಿ, ಮುದುಡಿ ಮಲಗಿದೆ, ಅವಳ ಪಾದದ ಹತ್ತಿರ' ಎಂದು ಬರೆಯಿರಿ.

ನಿಮ್ಮ ಪಟ್ಟಿಯಲ್ಲಿ ಇಷ್ಟಾದರೂ ಇರಬೇಕು. ದಿಂಬಿಗೆ ಒರಗಿದ ಹೆಣ್ಣು, ನಮ್ಮನ್ನೇ ನೋಡುತ್ತಿದ್ದಾಳೆ. ಜಡೆ ಅರ್ಧ ತಲೆಯ ಮೇಲೆ ಸುತ್ತಿದೆ, ಉಳಿದ ಕೂದಲು ಹೆಗಲ ಮೇಲೆ ಬಿಚ್ಚಿ ಬಿದ್ದಿದೆ. ಕಿವಿಯಲ್ಲಿ ಮುತ್ತು. ಬಲಗೈಯಲ್ಲಿ ಬಳೆ, ಅದೇ ಕೈಯಲ್ಲಿ ಕೆಂಪು ಗುಲಾಬಿಗಳು. ಎಡಗೈಯ ಕಿರುಬೆರಳಲ್ಲಿ ಉಂಗುರ. ಆ ಕೈ ತೊಡೆಯ ಸಂದಿನ ಮೇಲೆ ಇದೆ. ಕೆಳಗೆ ಸುಕ್ಕುಗಟ್ಟಿದ ಬಿಳಿ ಹಾಸು, ಅದರಡಿ ಹೂವಿನ ಚಿತ್ತಾರದ ಕೆಂಪು ಹಾಸಿಗೆ. ಹಿಂದೆ ಇನ್ನೊಂದು ಕೋಣೆ. ಅಲ್ಲಿ ಇಬ್ಬರು ಸೇವಕಿಯರು. ಒಬ್ಬಳು ಬಿಳಿ ಬಟ್ಟೆಯಲ್ಲಿ, ನಮಗೆ ಬೆನ್ನು ಹಾಕಿ ಮಂಡಿಯೂರಿ ದೊಡ್ಡ ಪೆಟ್ಟಿಗೆಯೊಳಗೆ ಏನನ್ನೋ ಹುಡುಕುತ್ತಿದ್ದಾಳೆ. ಇನ್ನೊಬ್ಬಳು ಕೆಂಪು ಬಟ್ಟೆಯಲ್ಲಿ ನಿಂತಿದ್ದಾಳೆ, ಹೆಗಲ ಮೇಲೆ ಒಂದು ಉಡುಪು. ಕಿಟಕಿ, ಕಂಬ, ಕಿಟಕಿಯ ಕಟ್ಟೆಯ ಮೇಲೆ ಕುಂಡದಲ್ಲಿ ಗಿಡ. ಹೊರಗೆ ಮರ, ಬೆಳಕು ಕುಂದಿದ ಆಕಾಶ.

ಇದರಲ್ಲಿ ಏನನ್ನಾದರೂ ಬಿಟ್ಟಿದ್ದರೆ ಮತ್ತೆ ನೋಡಿ. ಉಂಗುರವನ್ನು ಮೊದಲ ಸಲ ಕಂಡವರು ಕಡಿಮೆ.

ಹಂತ 3: ಸಂಕೇತಕ್ಕೆ ಮೊದಲು ಬಣ್ಣ

ಇದೇ ಮುಖ್ಯವಾದ ಹಂತ. ಅರ್ಧದಷ್ಟು ಸಮಯ ಇಲ್ಲೇ ಕೊಡಿ.

ಯಾಕೆ ಬಣ್ಣ ಮೊದಲು? ಆ ಕಾಲದ ಇಟಲಿಯಲ್ಲಿ ಎರಡು ದಾರಿಗಳಿದ್ದವು. ಫ್ಲಾರೆನ್ಸ್ ಕಡೆಯವರು ರೇಖೆಯನ್ನು ನಂಬಿದರು. ಮೊದಲು ಚೆನ್ನಾಗಿ ರೇಖಾಚಿತ್ರ ಮಾಡು, ಆಮೇಲೆ ಬಣ್ಣ ತುಂಬು. ಇದಕ್ಕೆ 'ದಿಸೆನ್ಯೊ' ಎನ್ನುತ್ತಿದ್ದರು. ವೆನಿಸ್‌ನವರು ಬಣ್ಣದಲ್ಲೇ ಆಕಾರ ಕಟ್ಟುತ್ತಿದ್ದರು. ಇದು 'ಕೊಲೊರೀತೊ'. ಟಿಷಿಯನ್ ಈ ಎರಡನೇ ದಾರಿಯ ದೊಡ್ಡ ಹೆಸರು. ಅವನ ಚಿತ್ರದಲ್ಲಿ ಬಣ್ಣ ಅಲಂಕಾರ ಅಲ್ಲ. ಯಾವ ವಸ್ತು ಯಾವುದಕ್ಕೆ ಸಂಬಂಧ ಎಂದು ಹೇಳುವುದೇ ಬಣ್ಣ. ಹಾಗಾಗಿ ಬಣ್ಣ ನೋಡದೆ ನಾಯಿ, ಹೂವು, ಪೆಟ್ಟಿಗೆ ಎಂದು ಅರ್ಥ ಹೇಳಲು ಹೋದರೆ ಮಾತು ಬಿಟ್ಟು ಬರೀ ಅಕ್ಷರ ಓದಿದ ಹಾಗೆ.

ಮೊದಲು ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ವಿವರಗಳೆಲ್ಲ ಕರಗಿ ದೊಡ್ಡ ಬಣ್ಣದ ತುಂಡುಗಳು ಮಾತ್ರ ಉಳಿಯುತ್ತವೆ. ಎಡಕ್ಕೆ ಕಡು ಹಸಿರು, ಕಪ್ಪಿನ ಹತ್ತಿರ. ಕೆಳಗೆ ಕೆಂಪು. ನಡುವೆ ಅಡ್ಡಲಾಗಿ ಬಿಳಿ ಮತ್ತು ಮೈಬಣ್ಣ. ಬಲಕ್ಕೆ ಕಂದು, ಹೊನ್ನಿನ ಬೆಳಕು.

ಆಮೇಲೆ ಒಂದು ಪ್ರತಿಯನ್ನು ಫೋನಿನಲ್ಲಿ ಕಪ್ಪು ಬಿಳುಪು ಮಾಡಿ. ಮೈ ಮತ್ತು ಹಾಸು ಸೇರಿ ಒಂದೇ ಬೆಳಕಿನ ಪಟ್ಟಿಯಾಗುತ್ತದೆ. ಕೆಂಪು ಹಾಸಿಗೆ ಕತ್ತಲೆಗೆ ಸೇರಿಕೊಳ್ಳುತ್ತದೆ. ಈಗ ಬಣ್ಣದ ಪ್ರತಿಗೆ ವಾಪಸ್ ಬನ್ನಿ. ಮೈ ತಟ್ಟನೆ ಬೆಚ್ಚಗಾಗುತ್ತದೆ, ಅಲ್ವಾ? ಹಾಸೂ ಮೈಯೂ ಒಂದೇ ಹೊಳಪಿನವು. ಅವನ್ನು ಬೇರೆ ಮಾಡುತ್ತಿರುವುದು ಬಿಸಿ ತಂಪು ಮಾತ್ರ. ಹಾಸಿನ ಬಿಳಿಯಲ್ಲಿ ಬೂದು ಬೆರೆತಿದೆ, ಮೈಯಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಹಳದಿ. ಕಿಂಡಿಯಿರುವ ಕಾಗದವನ್ನು ಹಾಸಿನ ಮೇಲೆ ಇಟ್ಟು ನೋಡಿ. 'ಬಿಳಿ' ಎಂದುಕೊಂಡ ಜಾಗದಲ್ಲಿ ಶುದ್ಧ ಬಿಳಿ ಎಷ್ಟು ಕಡಿಮೆ ಇದೆ ಎಂದು ಗೊತ್ತಾಗುತ್ತದೆ.

ಈಗ ಕೆಂಪನ್ನು ಹಿಂಬಾಲಿಸಿ. ಹಾಸಿಗೆಯ ಕೆಂಪಿನಿಂದ ಶುರು ಮಾಡಿ. ಅಲ್ಲಿಂದ ಕೈಯಲ್ಲಿರುವ ಗುಲಾಬಿ. ಅಲ್ಲಿಂದ ಸೀದಾ ಹಿಂದಿನ ಕೋಣೆಯ ಸೇವಕಿಯ ಉಡುಪು. ಆ ಸೇವಕಿಯನ್ನು ಬೆರಳಿನಿಂದ ಮುಚ್ಚಿ ನೋಡಿ. ಹಿಂದಿನ ಕೋಣೆ ತಕ್ಷಣ ದೂರ ಹೋಗಿಬಿಡುತ್ತದೆ, ಬೇರೆ ಮನೆಯದೇನೋ ಅನ್ನಿಸುವಷ್ಟು. ಬೆರಳು ತೆಗೆದರೆ ಮತ್ತೆ ಹತ್ತಿರ. ಬಿಳಿಯನ್ನೂ ಹೀಗೇ ನೋಡಿ. ಮುಂದೆ ಬಿಳಿ ಹಾಸು ಮತ್ತು ಕೆಂಪು ಹಾಸಿಗೆ, ಹಿಂದೆ ಬಿಳಿ ಬಟ್ಟೆಯವಳು ಮತ್ತು ಕೆಂಪು ಬಟ್ಟೆಯವಳು. ಅದೇ ಜೋಡಿ ಎರಡು ಸಲ. ಹಾಸಿಗೆಯ ಮೇಲಿನ ಬೆತ್ತಲೆ ಮೈಯನ್ನು, ಪೆಟ್ಟಿಗೆಯಿಂದ ಬಟ್ಟೆ ತೆಗೆಯುತ್ತಿರುವ ಆ ಇಬ್ಬರು ಸೇವಕಿಯರಿಗೆ ಬಣ್ಣವೇ ಕಟ್ಟಿಹಾಕಿದೆ. ನನ್ನ ಮಟ್ಟಿಗೆ ಇಡೀ ಚಿತ್ರದ ಜಾಣತನ ಇಲ್ಲಿದೆ.

ಹಸಿರೂ ಎರಡು ಕಡೆ ಇದೆ. ಎಡಕ್ಕೆ ಎತ್ತಿ ಕಟ್ಟಿದ ಪರದೆ, ದೂರದಲ್ಲಿ ಕಿಟಕಿಯ ಗಿಡ. ಅವಳ ತಲೆ ಮತ್ತು ಎದೆಯ ಹಿಂದೆ ಕಡು ಹಸಿರು ಇರುವುದರಿಂದಲೇ ಅಲ್ಲಿ ಮೈ ಹೆಚ್ಚು ಹೊಳೆಯುತ್ತದೆ. ಕಾಲುಗಳ ಹಿಂದೆ ಬೆಳಕಿನ ಕೋಣೆ ಇದೆ, ಅಲ್ಲಿ ಆ ಹೊಳಪು ತಗ್ಗುತ್ತದೆ.

ಈ ಬಣ್ಣ ಹೇಗೆ ಮಾಡಿದರು ಎಂದು ಸ್ವಲ್ಪ ತಿಳಿದಿದ್ದರೆ ನೋಟ ಇನ್ನೂ ಚುರುಕಾಗುತ್ತದೆ. ವೆನಿಸ್ ದೊಡ್ಡ ಬಂದರು. ಬಣ್ಣ ಮಾರುವುದನ್ನೇ ಕಸುಬು ಮಾಡಿಕೊಂಡ ಅಂಗಡಿಗಳು ಅಲ್ಲಿದ್ದವು. ವೆನಿಸ್‌ನ ಚಿತ್ರಕಾರರು ಮೈಬಣ್ಣಕ್ಕೆ ಸೀಸದಿಂದ ಮಾಡಿದ ಬಿಳಿಯನ್ನು ಆಧಾರವಾಗಿ ಬಳಸುತ್ತಿದ್ದರು, ಅದಕ್ಕೆ ಒಂದಿಷ್ಟು ಇಂಗಳೀಕ, ಅಂದರೆ ಪಾದರಸ ಮತ್ತು ಗಂಧಕದ ಕೆಂಪು. ಆಳವಾದ ಕೆಂಪು ಬೇರೆ ಬಗೆಯದು. ಅದು ಹುಳಗಳಿಂದ ಬರುವ ಬಣ್ಣ. ಅದರಲ್ಲಿ ಒಂದು ನಮ್ಮ ಅರಗಿನದು, ಪೂರ್ವದ ದೇಶಗಳಿಂದ, ಭಾರತದಿಂದಲೂ, ಹಡಗಿನಲ್ಲಿ ಹೋಗುತ್ತಿತ್ತು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು ಇದೇ ಹುಳದ ಅರಗು. ಕೆಲವೊಮ್ಮೆ ಬಣ್ಣ ಹಾಕಿದ ಬಟ್ಟೆಯ ಚೂರುಗಳಿಂದಲೇ ಕೆಂಪನ್ನು ಮರಳಿ ತೆಗೆದು ಚಿತ್ರಕ್ಕೆ ಬಳಸುತ್ತಿದ್ದರು. ಬಟ್ಟೆಯ ಕೆಂಪು ಮತ್ತು ಚಿತ್ರದ ಕೆಂಪು ಒಂದೇ ಮೂಲದವು ಎಂದಾಯಿತು.

ಈ ಕೆಂಪನ್ನು ಎಣ್ಣೆಯಲ್ಲಿ ಕಲಸಿ ತೆಳುವಾಗಿ, ಪದರದ ಮೇಲೆ ಪದರ ಹಚ್ಚುತ್ತಿದ್ದರು. ಇದಕ್ಕೆ ಗ್ಲೇಜ್ ಎನ್ನುತ್ತಾರೆ. ಬಣ್ಣದ ಗಾಜಿನ ಮೂಲಕ ಬೆಳಕು ಹಾದ ಹಾಗೆ ಕಾಣುತ್ತದೆ. ಮೈಯ ಅಂಚುಗಳಲ್ಲಿ ಗಟ್ಟಿ ರೇಖೆ ಹುಡುಕಿ, ಸಿಗುವುದಿಲ್ಲ. ಬೆಳಕಿನಿಂದ ನೆರಳಿಗೆ ಹೊರಳುವುದು ಗೊತ್ತೇ ಆಗುವುದಿಲ್ಲ.

ಎಚ್ಚರಿಕೆ ಒಂದು. ನೀವು ಇಳಿಸಿಕೊಂಡ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಡಿ. ಒಂದರಲ್ಲಿ ಮೈ ಹಳದಿಗೆ ತಿರುಗಿರಬಹುದು, ಇನ್ನೊಂದರಲ್ಲಿ ಗುಲಾಬಿಗೆ. ಕೆಂಪು ಒಂದರಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ದಾಳಿಂಬೆ. ಆದ್ದರಿಂದ 'ಈ ಕೆಂಪು ಇಷ್ಟು ಗಾಢ, ಅದಕ್ಕೇ ಇಂಥ ಅರ್ಥ' ಎಂದು ಫೋಟೋ ನೋಡಿ ಹೇಳಬೇಡಿ. ಬಣ್ಣಗಳ ನಡುವಿನ ಸಂಬಂಧ ಎರಡೂ ಪ್ರತಿಯಲ್ಲಿ ಉಳಿದಿರುತ್ತದೆ. ಅದನ್ನು ಮಾತ್ರ ನಂಬಿ.

ಎಚ್ಚರಿಕೆ ಎರಡು. ಆ ಕಾಲದಲ್ಲಿ ತಾಮ್ರದಿಂದ ಮಾಡುತ್ತಿದ್ದ ಹಸಿರು ವರ್ಷ ಕಳೆದಂತೆ ಕಂದಾಗುತ್ತದೆ. ಮೇಲೆ ಹಚ್ಚಿದ ವಾರ್ನಿಷ್ ಹಳದಿಯಾಗುತ್ತದೆ. ಸುಮಾರು 490 ವರ್ಷದ ಚಿತ್ರ ಇದು. ಕಡು ಕತ್ತಲು ಕಂಡ ಕೂಡಲೇ 'ರಹಸ್ಯದ ಸಂಕೇತ' ಎನ್ನುವ ಮೊದಲು, ಅದು ವಯಸ್ಸಿನ ಕಪ್ಪೂ ಇರಬಹುದು ಎಂದು ನೆನಪಿಡಿ.

ಎಚ್ಚರಿಕೆ ಮೂರು, ಇದು ನಮ್ಮಂಥವರಿಗೇ. ಕೆಂಪು ಎಂದರೆ ಕುಂಕುಮ, ಬಿಳಿ ಎಂದರೆ ವಿಧವೆ ಎಂದು ನಮ್ಮ ಮನೆಗಳಲ್ಲಿ ಬೆಳೆದ ಅರ್ಥಗಳು ತಾವಾಗಿಯೇ ಬಂದುಬಿಡುತ್ತವೆ. ಅವನ್ನು ಪಕ್ಕಕ್ಕಿಡಿ. ಹಾಗಂತ ಇಂಗ್ಲಿಷ್ ಸಿನಿಮಾದ ಬಿಳಿ ಮದುವಣಗಿತ್ತಿಯನ್ನೂ ತರಬೇಡಿ. ಬಿಳಿ ಮದುವೆ ಉಡುಪು ರೂಢಿಯಾಗಿದ್ದು 19ನೇ ಶತಮಾನದಲ್ಲಿ.

ಹಂತ 4: ಪರದೆಯ ಅಂಚು ಎಲ್ಲಿಗೆ ಇಳಿಯುತ್ತದೆ?

ಒಂದು ಸ್ಕೇಲ್ ತೆಗೆದುಕೊಳ್ಳಿ. ಎಡಭಾಗದ ಕಡು ಹರಹು ಮುಗಿಯುವ ನೇರ ಅಂಚಿನ ಮೇಲೆ ಇಡಿ. ಅದು ಪರದೆಯೋ ಗೋಡೆಯೋ ಹೇಳುವುದು ಕಷ್ಟ, ಆದರೆ ಅಂಚು ಮಾತ್ರ ಕತ್ತರಿಸಿದ ಹಾಗಿದೆ. ಹಾಗೇ ಕೆಳಗೆ ಬನ್ನಿ. ಸೀದಾ ಅವಳ ಎಡಗೈ ಇರುವ ಜಾಗಕ್ಕೆ ಬರುತ್ತೀರಿ.

ಇದು ತಾನಾಗಿ ಆದದ್ದಲ್ಲ. ಚಿತ್ರವನ್ನು ಎರಡಾಗಿ ಸೀಳುವ ಗೆರೆ ನಮ್ಮ ಕಣ್ಣನ್ನು ಅಲ್ಲಿಗೇ ಒಯ್ಯುತ್ತದೆ. ಗೆರೆಯ ಎಡಕ್ಕೆ ಹಾಸಿಗೆಯ ಏಕಾಂತ, ಬಲಕ್ಕೆ ಮನೆಗೆಲಸದ ಹಗಲು. ಕೈ ಇರುವ ರೀತಿಗೂ ಹಿನ್ನೆಲೆ ಇದೆ. ಹಳೆಯ ರೋಮನ್ ವೀನಸ್ ಪ್ರತಿಮೆಗಳಲ್ಲಿ ದೇವತೆ ಕೈಯಿಂದ ಮೈ ಮುಚ್ಚಿಕೊಳ್ಳುತ್ತಾಳೆ, ನಾಚಿದ ವೀನಸ್ ಎಂದು ಅದಕ್ಕೆ ಹೆಸರು. ಇಲ್ಲಿ ಕೈ ಅದೇ, ನಾಚಿಕೆ ಮಾತ್ರ ಮುಖದಲ್ಲಿ ಕಾಣುವುದಿಲ್ಲ. ಅವಳು ನೆಮ್ಮದಿಯಾಗಿ ನಮ್ಮನ್ನು ನೋಡುತ್ತಾಳೆ.

ಹಿಂದಿನ ಕೋಣೆಯ ನೆಲದ ಚೌಕಗಳನ್ನೂ ಗಮನಿಸಿ. ಅವುಗಳ ಗೆರೆಗಳು ಎಡಕ್ಕೆ, ಅವಳ ಕಡೆಗೆ ಓಡುತ್ತವೆ. ಆದರೆ ಹಾಸಿಗೆ ಆ ನೆಲದ ಮೇಲೆ ಎಲ್ಲಿ ನಿಂತಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಎರಡು ಜಾಗಗಳು ಸೇರುವ ಹೊಲಿಗೆಯೇ ಕಾಣುವುದಿಲ್ಲ. ಅವನ್ನು ಕೂಡಿಸಿರುವುದು ಬಣ್ಣ.

ಹಂತ 5: ಈಗ ಸಂಕೇತಗಳು, ಒಂದೊಂದಾಗಿ

ಸಂಕೇತ ಎಂದರೆ ಕಾಣುವ ಒಂದು ವಸ್ತು ಕಾಣದ ಇನ್ನೊಂದನ್ನು ನೆನಪಿಸುವುದು. ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಗೂಗಲ್‌ನಲ್ಲಿ 'ನಾಯಿ ಅಂದರೆ ಏನು' ಎಂದು ಹುಡುಕಿ, ಬಂದ ಒಂದು ಪದವನ್ನು ಚಿತ್ರಕ್ಕೆ ಅಂಟಿಸುವುದು. ನಿಘಂಟಿನ ಹಾಗೆ ಸಂಕೇತ ಕೆಲಸ ಮಾಡುವುದಿಲ್ಲ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ. ಆ ಕಾಲದವರಿಗೆ ಇದು ಏನನ್ನು ನೆನಪಿಸುತ್ತಿತ್ತು? ಈ ಚಿತ್ರದಲ್ಲಿ ಇದು ಎಲ್ಲಿದೆ, ಏನು ಮಾಡುತ್ತಿದೆ? ಇದೇ ಚಿತ್ರಕಾರ ಬೇರೆ ಕಡೆ ಇದನ್ನು ಹೇಗೆ ಬಳಸಿದ್ದಾನೆ?

ಗುಲಾಬಿ. ವೀನಸ್‌ಳ ಹೂವು, ಇದರಲ್ಲಿ ಅನುಮಾನ ಇಲ್ಲ. ಆದರೆ ಅವಳು ಅದನ್ನು ಹಿಡಿದಿರುವ ರೀತಿ ನೋಡಿ. ಕೈ ಸಡಿಲ. ಒಂದು ಹೂವು ಹಾಸಿನ ಮೇಲೆ ಜಾರಿದೆ. ಬಾಡುವ ಹೂವು, ಜಾರುವ ಹೂವು. ಪ್ರೇಮದ ಜೊತೆಗೆ ಕಾಲ ಸರಿಯುವುದನ್ನೂ ಕೆಲವರು ಇಲ್ಲಿ ಓದುತ್ತಾರೆ. ಇದು ನನಗೆ ಒಪ್ಪಿಗೆಯಾಗುತ್ತದೆ, ಯಾಕೆಂದರೆ ಅದಕ್ಕೆ ಎದುರಾಗಿ ಕಿಟಕಿಯಲ್ಲಿ ಬಾಡದ ಗಿಡ ಇದೆ.

ಕಿಟಕಿಯ ಗಿಡ. ಇದು ಮರ್ಟಲ್ ಎಂದು ಗುರುತಿಸುತ್ತಾರೆ. ನಮ್ಮ ನೇರಳೆ, ಸೀಬೆ ಇದರ ಕುಟುಂಬಕ್ಕೇ ಸೇರಿದವು. ಮೆಡಿಟರೇನಿಯನ್ ಕಡೆ ವರ್ಷವಿಡೀ ಹಸಿರಾಗಿರುವ ಪೊದೆ. ಇದೂ ವೀನಸ್‌ಗೆ ಸೇರಿದ್ದು, ಮದುವೆಯ ಸ್ಥಿರ ಪ್ರೀತಿಗೂ ಇದನ್ನೇ ಹೇಳುತ್ತಿದ್ದರು. ಕೈಯಲ್ಲಿ ಬಾಡುವುದು, ಮನೆಯ ಕಿಟಕಿಯಲ್ಲಿ ಹಸಿರಾಗಿ ಉಳಿಯುವುದು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಮಾತು ಪೂರ್ತಿಯಾಗುತ್ತದೆ.

ಪೆಟ್ಟಿಗೆ. ಇದಕ್ಕೆ 'ಕಸ್ಸೋನೆ' ಎನ್ನುತ್ತಾರೆ. ಇಟಲಿಯಲ್ಲಿ ಮದುವೆಯ ಹೊತ್ತಿಗೆ ಮಾಡಿಸುತ್ತಿದ್ದ ದೊಡ್ಡ ಮರದ ಪೆಟ್ಟಿಗೆ, ಹೆಚ್ಚಾಗಿ ಜೋಡಿಯಾಗಿ. ಹೆಣ್ಣಿನ ಬಟ್ಟೆಬರೆ ಅದರಲ್ಲಿರುತ್ತಿತ್ತು. ಚಿತ್ರದಲ್ಲಿರುವ ಎಲ್ಲ ವಸ್ತುಗಳಲ್ಲಿ ಮದುವೆಯ ಕಡೆ ಬಲವಾಗಿ ಬೊಟ್ಟು ಮಾಡುವುದು ಇದೇ ಎಂದು ನನ್ನ ಅನಿಸಿಕೆ. ದೇವತೆಗೆ ಬಟ್ಟೆಯ ಪೆಟ್ಟಿಗೆ ಬೇಕಿಲ್ಲ. ಮನೆಯೊಡತಿಗೆ ಬೇಕು.

ಮುತ್ತು. ವೀನಸ್ ಹುಟ್ಟಿದ್ದು ಸಮುದ್ರದಲ್ಲಿ, ಮುತ್ತೂ ಸಮುದ್ರದ್ದು. ಮದುಮಗಳ ಒಡವೆಯೂ ಹೌದು. ಹಣವಿದ್ದ ಬೇರೆ ಹೆಂಗಸರೂ ಹಾಕಿಕೊಳ್ಳುತ್ತಿದ್ದರು. ಇದೊಂದನ್ನೇ ಹಿಡಿದು ಏನನ್ನೂ ತೀರ್ಮಾನ ಮಾಡಬೇಡಿ. ಬಳೆ, ಉಂಗುರಕ್ಕೂ ಇದೇ ಮಾತು.

ನಾಯಿ. ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆಯೇ, ಹೆಚ್ಚು ತಪ್ಪು ಆಗುವುದೂ ಇಲ್ಲೇ. 'ನಾಯಿ ಎಂದರೆ ನಿಷ್ಠೆ' ಎಂಬುದು ಸುಳ್ಳಲ್ಲ, ಆದರೆ ಸಾಲದು. ಟಿಷಿಯನ್ ಬರೆದ ಎಲೆನೋರಾ ಗೊನ್ಜಾಗಾ ಎಂಬ ರಾಣಿಯ ಭಾವಚಿತ್ರ ತೆಗೆದು ನೋಡಿ. ಅದೂ ಉಫಿತ್ಸಿಯಲ್ಲೇ ಇದೆ. ಅಲ್ಲಿ ಮೇಜಿನ ಮೇಲೆ ಹೆಚ್ಚುಕಡಿಮೆ ಇದೇ ನಾಯಿ ಮುದುಡಿ ಕೂತಿದೆ. ಆಕೆ ಈ ವೀನಸ್ ಚಿತ್ರವನ್ನು ಕೊಂಡವನ ತಾಯಿ. ಇನ್ನು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ಟಿಷಿಯನ್‌ನ 'ದಾನಾಯೆ' ಚಿತ್ರ ನೋಡಿ. ದಾನಾಯೆ ಗ್ರೀಕ್ ಪುರಾಣದ ರಾಜಕುಮಾರಿ. ಹೊನ್ನಿನ ಮಳೆಯಾಗಿ ದೇವರು ಅವಳ ಹಾಸಿಗೆಗೆ ಇಳಿಯುತ್ತಿದ್ದಾನೆ, ಪಕ್ಕದಲ್ಲಿ ಪುಟ್ಟ ನಾಯಿ ಆರಾಮಾಗಿ ಮಲಗಿದೆ. ಅಲ್ಲಿ ಮದುವೆಯೂ ಇಲ್ಲ, ನಿಷ್ಠೆಯ ಮಾತೂ ಇಲ್ಲ.

ಹಾಗಾದರೆ ಇಲ್ಲಿ ನಾಯಿ ಏನು ಮಾಡುತ್ತಿದೆ? ನಿದ್ದೆ ಮಾಡುತ್ತಿದೆ. ಮನೆಯಲ್ಲಿ ನಾಯಿ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸಬರು ಬಾಗಿಲಿಗೆ ಬಂದರೆ ನಾಯಿ ಎದ್ದು ಬೊಗಳುತ್ತದೆ. ಇದು ಎದ್ದಿಲ್ಲ. ಅವಳು ಯಾರನ್ನು ನೋಡುತ್ತಿದ್ದಾಳೋ ಅವನು ಆ ಮನೆಗೆ ಹೊಸಬನಲ್ಲ. ನಿಂತು ನೋಡುತ್ತಿರುವ ನಮಗೆ ಆ ಜಾಗವನ್ನು ಚಿತ್ರಕಾರ ಕೊಟ್ಟಿದ್ದಾನೆ.

ಹಂತ 6: ಕಾಗದಪತ್ರ ಏನು ಹೇಳುತ್ತದೆ?

ಕಣ್ಣಿನ ಕೆಲಸ ಮುಗಿದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಮೊದಲೇ ಓದಿದರೆ ಓದಿದ್ದೇ ಕಾಣುತ್ತದೆ.

ಚಿತ್ರವನ್ನು ಕೊಂಡವನು ಗುಯಿದೊಬಾಲ್ದೊ ದೆಲ್ಲಾ ರೋವೆರೆ. ಹುಟ್ಟಿದ್ದು 1514ರಲ್ಲಿ. 1538ರ ಮಾರ್ಚ್‌ನಲ್ಲಿ ಅವನು ವೆನಿಸ್‌ನಲ್ಲಿದ್ದ ತನ್ನ ಕಡೆಯವನಿಗೆ ಕಾಗದ ಬರೆದು, ಟಿಷಿಯನ್ ಹತ್ತಿರ ಇರುವ ಚಿತ್ರಗಳನ್ನು ತೆಗೆದುಕೊಳ್ಳದೆ ಹೊರಡಬೇಡ ಎಂದು ಒತ್ತಾಯ ಮಾಡಿದ. ಆ ಕಾಗದಗಳಲ್ಲಿ ಈ ಚಿತ್ರಕ್ಕೆ ಅವನು ಕೊಟ್ಟ ಹೆಸರು 'ಬೆತ್ತಲೆ ಹೆಣ್ಣು', ಅಷ್ಟೇ. ವೀನಸ್ ಎಂಬ ಮಾತೇ ಇಲ್ಲ. ಅದೇ ವರ್ಷ ತಂದೆ ತೀರಿಕೊಂಡು ಅವನು ಉರ್ಬಿನೋದ ದೊರೆಯಾದ. 'ವೀನಸ್' ಎಂದು ಬರೆದವನು ವಸಾರಿ ಎಂಬ ಚಿತ್ರಕಾರ. ಕಲಾವಿದರ ಜೀವನ ಚರಿತ್ರೆಗಳನ್ನು ಬರೆದ ಅವನು 1568ರ ಆವೃತ್ತಿಯಲ್ಲಿ ಇದನ್ನು ಹೂವುಗಳ ಜೊತೆ ಮಲಗಿದ ಹರೆಯದ ವೀನಸ್ ಎಂದ. 1631ರಲ್ಲಿ ದೆಲ್ಲಾ ರೋವೆರೆ ಮನೆತನದ ಕೊನೆಯ ವಾರಸುದಾರಳಾದ ವಿತ್ತೋರಿಯಾಳ ಪಾಲಿನ ಆಸ್ತಿಯಾಗಿ ಚಿತ್ರ ಫ್ಲಾರೆನ್ಸ್‌ನ ಮೆದಿಚಿ ಮನೆತನಕ್ಕೆ ಬಂತು.

ಇಲ್ಲಿ ಜನ ಎಡವುವುದು ಎಲ್ಲಿ ಎಂದರೆ, ಇದು 'ಮದುವೆಯ ಉಡುಗೊರೆ' ಎಂದು ಖಚಿತವಾಗಿ ಹೇಳಿಬಿಡುವುದು. ಗುಯಿದೊಬಾಲ್ದೊ ಮದುವೆಯಾದದ್ದು 1534ರಲ್ಲಿ, ಜೂಲಿಯಾ ವರಾನೊ ಎಂಬ ಹುಡುಗಿಯನ್ನು. ಅವಳು ಆಗ ಇನ್ನೂ ಮಗು. ಚಿತ್ರ ಬಂದಿದ್ದು ನಾಲ್ಕು ವರ್ಷದ ಮೇಲೆ. ವಿದ್ವಾಂಸರಲ್ಲೂ ಒಮ್ಮತ ಇಲ್ಲ. ಕೆಲವರು ಪೆಟ್ಟಿಗೆ, ಮರ್ಟಲ್, ನಾಯಿ ತೋರಿಸಿ ಇದು ಮದುವೆಯ ಚಿತ್ರ ಎನ್ನುತ್ತಾರೆ. ಕೆಲವರು ಇದು ಒಬ್ಬ ಗಂಡಸಿನ ಖುಷಿಗೆ ಬರೆದ ಚೆಲುವೆಯ ಚಿತ್ರ, ಉಳಿದದ್ದೆಲ್ಲ ನಾವು ಹೊರಿಸಿದ್ದು ಎನ್ನುತ್ತಾರೆ. ಅವಳು ವೇಶ್ಯೆ ಎನ್ನುವವರೂ ಇದ್ದಾರೆ. ಫ್ಲಾರೆನ್ಸ್‌ನ ಪಿತ್ತಿ ಅರಮನೆಯಲ್ಲಿ ಟಿಷಿಯನ್‌ನ 'ಲಾ ಬೆಲ್ಲಾ' ಎಂಬ ಇನ್ನೊಂದು ಚಿತ್ರ ಇದೆ, ನೀಲಿ ಉಡುಪಿನ ಹೆಣ್ಣು. ಮುಖ ಹೋಲಿಸಿ ನೋಡಿ, ಇದೇ ಮುಖ ಅನ್ನಿಸುತ್ತದೆ.

ಹಂತ 7: ಹಿಂದಿನದು ಒಂದು, ಮುಂದಿನದು ಒಂದು ಪಕ್ಕದಲ್ಲಿಡಿ

ಹಿಂದಿನದು ಜಾರ್ಜೊನೆಯ 'ಮಲಗಿರುವ ವೀನಸ್', ಸುಮಾರು 1510ರದು, ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಜಾರ್ಜೊನೆ 1510ರಲ್ಲಿ ತೀರಿಕೊಂಡ. ಉಳಿದ ಕೆಲಸ ಮುಗಿಸಿದವನು ಟಿಷಿಯನ್ ಎಂದು ಹೇಳುತ್ತಾರೆ. ಮೈಯ ಭಂಗಿ, ಎಡಗೈ ಎರಡರಲ್ಲೂ ಬಹಳ ಹತ್ತಿರ. ಆದರೆ ಅಲ್ಲಿ ಅವಳು ಬಯಲಲ್ಲಿ, ಕಣ್ಣು ಮುಚ್ಚಿ ನಿದ್ದೆಯಲ್ಲಿದ್ದಾಳೆ. ಮೈಯ ಏರಿಳಿತ ಹಿಂದಿನ ಗುಡ್ಡಗಳ ಏರಿಳಿತದ ಜೊತೆ ಹೋಗುತ್ತದೆ. ಟಿಷಿಯನ್ ಆ ದೇವತೆಯನ್ನು ಬಯಲಿನಿಂದ ಮನೆಯೊಳಗೆ ತಂದ, ಕಣ್ಣು ಬಿಡಿಸಿದ. ಗುಡ್ಡದ ಜಾಗಕ್ಕೆ ಪೆಟ್ಟಿಗೆಯೂ ಸೇವಕಿಯರೂ ಬಂದರು.

ಮುಂದಿನದು ಮಾನೆಯ 'ಒಲಂಪಿಯಾ', 1863ರದು, ಪ್ಯಾರಿಸ್‌ನ ಓರ್ಸೆ ಸಂಗ್ರಹಾಲಯದಲ್ಲಿದೆ. ಮಾನೆ ಫ್ಲಾರೆನ್ಸ್‌ಗೆ ಹೋಗಿ ಟಿಷಿಯನ್ ಚಿತ್ರವನ್ನು ನಕಲು ಮಾಡಿ ಕಲಿತವನು. 1865ರಲ್ಲಿ ಒಲಂಪಿಯಾ ಪ್ರದರ್ಶನಕ್ಕೆ ಬಂದಾಗ ಪ್ಯಾರಿಸ್ ಜನ ಸಿಟ್ಟಾದರು. ಮಲಗಿದ ನಾಯಿಯ ಜಾಗದಲ್ಲಿ ಬೆನ್ನು ಸೆಟೆದು ನಿಂತ ಕಪ್ಪು ಬೆಕ್ಕು. ಬಟ್ಟೆ ತರುವ ಸೇವಕಿಯರ ಬದಲು, ಯಾರೋ ಕಳಿಸಿದ ಹೂಗುಚ್ಛ ತಂದ ಕಪ್ಪು ವರ್ಣದ ಸೇವಕಿ. ಮೈಬಣ್ಣ ಚಪ್ಪಟೆ, ನೆರಳಿನ ಹದವಾದ ಹೊರಳು ಇಲ್ಲ. ಟಿಷಿಯನ್ ಕೊಟ್ಟಿದ್ದ ಬೆಚ್ಚನೆಯನ್ನು ಮಾನೆ ತೆಗೆದುಬಿಟ್ಟ. ಬಣ್ಣ ಬದಲಾದ ಕೂಡಲೇ ಅದೇ ಭಂಗಿಯ ಅರ್ಥ ಎಷ್ಟು ಬದಲಾಯಿತು ನೋಡಿ.

ಹಂತ 8: ನಿಮ್ಮ ಓದನ್ನು ಬರೆಯಿರಿ

ಅರ್ಧ ಪುಟ ಸಾಕು. ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ. ಪ್ರತಿ ಅರ್ಥದ ಮಾತಿಗೂ ಚಿತ್ರದಲ್ಲಿ ಒಂದು ಜಾಗ ತೋರಿಸಬೇಕು. ತೋರಿಸಲಾಗದಿದ್ದರೆ ಆ ಸಾಲು ಹೊಡೆದುಹಾಕಿ. ನಿಮ್ಮ ಅರ್ಥಕ್ಕೆ ಹೊಂದದ ವಿವರ ಒಂದಾದರೂ ಇರುತ್ತದೆ, ಅದನ್ನೂ ಬರೆಯಿರಿ. ಸುಮ್ನೆ ಬಿಟ್ಟುಬಿಡಬೇಡಿ.

ನನ್ನ ಓದು ಹೀಗಿದೆ. ಇವಳು ಮನೆಯೊಳಗೆ ಬಂದ ವೀನಸ್. ಗುಲಾಬಿ, ಮುತ್ತು, ಮೈಯ ಬೆಳಕು ದೇವತೆಯದು. ಪೆಟ್ಟಿಗೆ, ನಾಯಿ, ಸೇವಕಿಯರು ಮನೆಯವು. ಹಾಸಿಗೆಯ ಕೆಂಪು ಹಿಂದಿನ ಕೋಣೆಯ ಕೆಂಪು ಉಡುಪಿನಲ್ಲಿ ಮತ್ತೆ ಬರುವುದರಿಂದ ಆಸೆಯೂ ಸಂಸಾರವೂ ಬೇರೆ ಕೋಣೆಯಲ್ಲಿದ್ದರೂ ಒಂದೇ ಮನೆಯಲ್ಲಿವೆ. ನನ್ನ ಓದಿಗೆ ಹೊಂದದ್ದು ಅವಳ ನೋಟ. ಅದರಲ್ಲಿ ಹೆಂಡತಿಯ ಸಲಿಗೆ ಇದೆಯೋ, ಚಿತ್ರಕ್ಕೆ ಕೂತ ಹೆಣ್ಣಿನ ತಾಳ್ಮೆ ಇದೆಯೋ, ನನಗೆ ದಿನಕ್ಕೊಂದು ಥರ ಕಾಣುತ್ತದೆ.

ಬರೆದಿದ್ದನ್ನು ಒಂದು ವಾರ ಎತ್ತಿಡಿ. ಆಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ಎರಡು ನಿಮಿಷ ನೋಡಿ, ನೇರ ಮಾಡಿ, ನಿಮ್ಮ ಪುಟವನ್ನು ಮತ್ತೆ ಓದಿ. ತಿದ್ದಬೇಕು ಅನ್ನಿಸಿದರೆ ತಿದ್ದಿ. ಇದೇ ಎಂಟು ಹಂತಗಳನ್ನು ಪ್ರಾಡೊದ ದಾನಾಯೆಗೆ ಹಚ್ಚಿ ನೋಡುವುದು ಮುಂದಿನ ಕೆಲಸ. ಅಲ್ಲಿಯೂ ನಾಯಿಯಿಂದ ಶುರು ಮಾಡಬೇಡಿ.